ರಣಾಶ್ವದಿಂದ ಚಿಕಿತ್ಸಾಶ್ವದವರೆಗೆ

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹಂದನಕೆರೆ ಹೋಬಳಿಯು ತೆಂಗಿನ ಸೀಮೆ. ತಿಪಟೂರಿನ ಕೊಬ್ಬರಿ ಪೇಟೆಯನ್ನು ನಂಬಿ ಬಾಳುವ ಈ ನೆಲದಲ್ಲಿ ಉಳುವುದಕ್ಕೂ ಹೇರುವುದಕ್ಕೂ ಎತ್ತು ಒದಗಿತೇ ಹೊರತು ಕುದುರೆಯಲ್ಲ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎನಿಸಿಕೊಂಡು, ಟಿಪ್ಪುವಿನ ಕಾಲದಲ್ಲಿ ‘ಅಮೃತಮಹಲ್’ ಎಂಬ ಹೆಸರು ಪಡೆದ ರಾಸುಗಳ ಕಾವಲುಗಳು ಈ ಭಾಗದಲ್ಲಿ ಹಬ್ಬಿದ್ದವು. ಕುದುರೆಯು ಇಲ್ಲಿಯ ಜನರಿಗೆ ಪರಿಚಿತವಾದದ್ದು ಬಹುಮಟ್ಟಿಗೆ ಕಲ್ಲಿನಲ್ಲಿ; ಕನ್ನಡ ನಾಡಿನ ಊರೂರುಗಳ ವೀರಗಲ್ಲುಗಳಲ್ಲಿ ಕತ್ತಿಯೆತ್ತಿದ ಸವಾರನ ಕೆಳಗೆ, ಮುಂಗಾಲೆತ್ತಿ ನಿಂತ ರೂಪದಲ್ಲಿ.

ಹೆಗ್ಗೆರೆಯಲ್ಲಿ 12ನೆಯ ಶತಮಾನದ ನಡುಭಾಗದ ಪಾರ್ಶ್ವನಾಥ ಬಸದಿಯಿದೆ. ಹುಳಿಯಾರಿನ ಮಹಾಸಾಮಂತ ಗೋವಿದೇವನು ತನ್ನ ಮಡದಿ ಮಹಾದೇವಿ ನಾಯಕಿತಿಯ ನೆನಪಿಗಾಗಿ ಅದನ್ನು ಕಟ್ಟಿಸಿದನೆಂದು ಶಾಸನವು ತಿಳಿಸುತ್ತದೆ. ಸಾಮಂತನೆಂದ ಮೇಲೆ ಅವನು ದಂಡಿನೊಡನೆ ಹೊರಡಬೇಕಾದವನೇ. ಹೊಯ್ಸಳರ ಕಾಲದ ಜೈನ ದಂಡನಾಯಕರ ಬಾಳು ಈ ಎರಡು ಧ್ರುವಗಳ ನಡುವೆ ಸಾಗಿತು: ಒಂದೆಡೆ ಅಣುವ್ರತ, ಇನ್ನೊಂದೆಡೆ ಕುದುರೆಯ ಬೆನ್ನ ಮೇಲಿನ ಯುದ್ಧ. ಆಚಾರ್ಯರು ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ವಿಂಗಡಿಸಿ, ನಾಡನ್ನು ಕಾಯುವವನ ಹಿಂಸೆಯನ್ನು ವಿರೋಧಿ ಹಿಂಸೆಯೆಂದು ಬೇರೆಯಾಗಿಟ್ಟರು. ಆದರೆ ಸವಾರನಿಗೆ ದೊರೆತ ಈ ವಿನಾಯಿತಿಯಲ್ಲಿ ಅವನ ಕುದುರೆಯ ಪಾಲು ಏನು? ಅದು ವೈರಿಯನ್ನು ಅರಿಯದು, ನಾಡನ್ನೂ ಅರಿಯದು. ಮೂರನೆಯ ತೀರ್ಥಂಕರರಾದ ಸಂಭವನಾಥರ ಲಾಂಛನ ಕುದುರೆ. ಕನ್ನಡ ನಾಡಿನ ಬಸದಿಗಳಲ್ಲಿ ಪೂಜೆಗೊಳ್ಳುವ ಬ್ರಹ್ಮಯಕ್ಷನು ಕುದುರೆಯನ್ನೇರಿದವನು. ಹೀಗೆ ಪೀಠದ ಮೇಲೆ ಸ್ಥಾನ ಪಡೆದ ಪ್ರಾಣಿಯೇ ಲಾಯದಲ್ಲಿ ಹೇಗೆ ಬದುಕಿತು ಎಂಬ ಪ್ರಶ್ನೆಯನ್ನು ಚರಿತ್ರೆಯ ಪುಸ್ತಕಗಳು ಅಷ್ಟಾಗಿ ಕೇಳಿಲ್ಲ.

ಕೇಳಿದರೆ ದೊರೆಯುವ ಉತ್ತರ ಹಿತಕರವಲ್ಲ. ದಕ್ಷಿಣದ ಹವೆಯಲ್ಲಿ ಒಳ್ಳೆಯ ಕುದುರೆ ಹುಟ್ಟಿ ಬೆಳೆಯುವುದು ಕಷ್ಟವೆಂಬ ನಂಬಿಕೆಯಿಂದ ಅರಸರು ಅರಬ್ಬೀ ದೇಶಗಳಿಂದ ಹಡಗುಗಳಲ್ಲಿ ತರಿಸುತ್ತಿದ್ದರು. 13ನೆಯ ಶತಮಾನದ ಕೊನೆಯಲ್ಲಿ ತಮಿಳು ಕರಾವಳಿಯನ್ನು ಕಂಡ ಮಾರ್ಕೋ ಪೋಲೋ, ಸಾಕುವ ತಿಳಿವಳಿಕೆಯಿಲ್ಲದೆ ಕುದುರೆಗಳು ಬಹುಬೇಗ ಸಾಯುತ್ತಿದ್ದವೆಂದೂ ಬೇಯಿಸಿದ ಅಕ್ಕಿಯ ಜೊತೆ ಮಾಂಸವನ್ನು ತಿನ್ನಿಸುತ್ತಿದ್ದರೆಂದೂ ಬರೆದಿದ್ದಾನೆ. ಹುಲ್ಲು ತಿನ್ನುವ ಪ್ರಾಣಿಗೆ ಮಾಂಸ! ವಿಜಯನಗರದ ಚರಿತ್ರೆಯನ್ನು ಬರೆದ ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಹೇಳುವಂತೆ, ಸಾಳುವ ನರಸಿಂಹನು ಸತ್ತ ಕುದುರೆಗೂ ಹಣ ತೆರುತ್ತಿದ್ದನು. ಕಡಲಿನಲ್ಲಿ ಸತ್ತವುಗಳ ಬಾಲವನ್ನು ತಂದು ತೋರಿಸಿದರೆ ಸಾಕಾಗಿತ್ತು. ವಿಜಯನಗರದ ಅರಸನು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದೂ ನೂನಿಜ್ ದಾಖಲಿಸಿದ್ದಾನೆ. ವರ್ಷ ವರ್ಷವೂ ಅಷ್ಟು ಕೊಳ್ಳಬೇಕಾಯಿತೆಂದರೆ ವರ್ಷ ವರ್ಷವೂ ಎಷ್ಟು ಅಳಿಯುತ್ತಿದ್ದಿರಬೇಕು ಎಂಬುದನ್ನು ಓದುಗರೇ ಊಹಿಸಬಹುದು.

ಇದಕ್ಕೆ ಪ್ರತಿಯಾದ ಇನ್ನೊಂದು ಧಾರೆಯೂ ಕನ್ನಡದಲ್ಲಿ ಹರಿದಿದೆ. ಚಾಳುಕ್ಯ ವಂಶದ ಜೈನನಾದ ಕೀರ್ತಿವರ್ಮನು 12ನೆಯ ಶತಮಾನದ ಆದಿಯಲ್ಲಿ ‘ಗೋವೈದ್ಯ’ವನ್ನು ರಚಿಸಿದನು. ಸುಮಾರು 1400ರಲ್ಲಿ ಅಭಿನವಚಂದ್ರನು ಕುದುರೆಗಳ ಚಿಕಿತ್ಸೆಯನ್ನೇ ವಿಷಯವಾಗಿಟ್ಟುಕೊಂಡು ‘ಅಶ್ವವೈದ್ಯ’ವನ್ನು ಬರೆದನು. ಅರಸರ ಲಾಯಕ್ಕೆ ಉಪಯೋಗವಾಗಲೆಂಬ ಉದ್ದೇಶ ಇಂತಹ ಗ್ರಂಥದ ಹಿಂದೆ ಇದ್ದೀತು. ಆದರೂ ಮನುಷ್ಯನು ಕುದುರೆಯನ್ನು ಗುಣಪಡಿಸಲು ಕಲಿತದ್ದು ಮೊದಲು, ಕುದುರೆಯಿಂದ ತಾನು ಗುಣವಾಗಲು ಕಲಿತದ್ದು ಬಹಳ ತಡವಾಗಿ ಎಂಬುದು ಗಮನಿಸತಕ್ಕ ಸಂಗತಿ.

ತುಮಕೂರು ಜಿಲ್ಲೆಯಲ್ಲಿಯೇ ಇರುವ ಕುಣಿಗಲ್ಲಿನ ಕುದುರೆ ಫಾರಂ ಈ ಕಥೆಯ ನಡುವಿನ ಕೊಂಡಿ. ಟಿಪ್ಪುವಿನ ಸೈನ್ಯಕ್ಕೆ ಕುದುರೆ ಒದಗಿಸಿದ ಈ ತಾಣವು ಮುಂದೆ ಮೈಸೂರು ಸಂಸ್ಥಾನದ ಅಶ್ವದಳಕ್ಕೂ ನೆರವಾಯಿತು. ಆ ಬಳಿಕ ಜೂಜಿನ ಓಟದ ಕುದುರೆಗಳ ತವರಾಗಿ, 1992ರಲ್ಲಿ ಖಾಸಗಿ ಸಂಸ್ಥೆಯೊಂದಕ್ಕೆ ಗುತ್ತಿಗೆಗೆ ಹೋಯಿತು. ಯುದ್ಧ, ಅನಂತರ ಪಂದ್ಯ. ಎರಡರಲ್ಲಿಯೂ ಕುದುರೆಗೆ ಬೆಲೆ ಬಂದದ್ದು ಅದರ ವೇಗದಿಂದ. ನಿಧಾನವಾಗಿ ನಡೆಯುವ ಕುದುರೆಗೂ ಒಂದು ಬೆಲೆಯುಂಟೆಂದು ಯಾರಿಗೂ ಹೊಳೆದಿರಲಿಲ್ಲ.

1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ದಳವು ಜೋಧಪುರದ ದಳದೊಡನೆ ಹೈಫಾ ನಗರವನ್ನು ಗೆದ್ದಿತು. ದೆಹಲಿಯ ತೀನ್ ಮೂರ್ತಿಯ ಮೂವರು ಸೈನಿಕರಲ್ಲಿ ಒಬ್ಬನು ಮೈಸೂರಿನವನು. ಈಟಿ ಹಿಡಿದ ಸವಾರರು ಮೆಷಿನ್‌ಗನ್ನುಗಳ ಎದುರು ನುಗ್ಗಿ ಗೆದ್ದ ಆ ಸಾಹಸವನ್ನು ಕನ್ನಡಿಗರು ಸಹಜವಾಗಿಯೇ ಅಭಿಮಾನದಿಂದ ನೆನೆಯುತ್ತಾರೆ. ಆದರೆ ಆ ರಣರಂಗಗಳ ಬ್ರಿಟಿಷ್ ಸೈನ್ಯದ ಸಾವಿರಾರು ಕುದುರೆಗಳು ಯುದ್ಧ ಮುಗಿದ ಮೇಲೆ ಈಜಿಪ್ಟಿನಲ್ಲಿ ಮಾರಾಟವಾಗಿ, ಕಲ್ಲಿನ ಗಣಿಗಳಲ್ಲಿಯೂ ಗಾಡಿಗಳ ನೊಗದಡಿಯಲ್ಲಿಯೂ ಸವೆದವು. ಹನ್ನೆರಡು ವರ್ಷಗಳ ಬಳಿಕ ಕೈರೋ ನಗರಕ್ಕೆ ಬಂದ ಡೊರೊಥಿ ಬ್ರೂಕ್ ಎಂಬ ಮಹಿಳೆ ಅವುಗಳಲ್ಲಿ ಬದುಕಿ ಉಳಿದವುಗಳನ್ನು ಹುಡುಕಿ, ಪತ್ರಿಕೆಯ ಮೂಲಕ ಹಣ ಬೇಡಿ, ಸುಮಾರು 5,000 ಕುದುರೆಗಳನ್ನು ಕೊಂಡಳು. 1934ರಲ್ಲಿ ಅಲ್ಲಿಯೇ ಪ್ರಾಣಿಗಳ ಆಸ್ಪತ್ರೆಯೊಂದನ್ನು ತೆರೆದಳು. ಕೊಂಡ ಕುದುರೆಗಳಲ್ಲಿ ಬಹುಪಾಲು ಗುಣವಾಗಲಾರದ ಸ್ಥಿತಿಯಲ್ಲಿದ್ದುದರಿಂದ ಕೆಲವು ದಿನಗಳ ವಿಶ್ರಾಂತಿಯನ್ನು ಕೊಟ್ಟು ನೋವಿಲ್ಲದ ಮರಣಕ್ಕೆ ಒಪ್ಪಿಸಿದಳು. ಮುದಿ ಪ್ರಾಣಿಯನ್ನು ಕೊನೆಯುಸಿರಿನವರೆಗೆ ಸಾಕುವ ಪಾಂಜರಪೋಳದ ಪರಂಪರೆಗೆ ಇದು ಒಪ್ಪುವ ಮಾತಲ್ಲ. ಆದರೂ ಆ ತಾಯಿಯ ಕರುಣೆಯನ್ನು ಸಂದೇಹಿಸಲಾಗದು.

ಅದೇ ಮೊದಲ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಆಲಿವ್ ಸ್ಯಾಂಡ್ಸ್ ಎಂಬ ಅಂಗಮರ್ದನ ಚಿಕಿತ್ಸಕಿಯು ಗಾಯಗೊಂಡ ಸೈನಿಕರಿಗಾಗಿ ತನ್ನ ಕುದುರೆಗಳನ್ನು ಆಸ್ಪತ್ರೆಗೆ ಕರೆತಂದಳೆಂದು ಈ ಕ್ಷೇತ್ರದ ಇತಿಹಾಸಕಾರರು ಗುರುತಿಸುತ್ತಾರೆ. ಯುದ್ಧದಲ್ಲಿ ಮುರಿದ ದೇಹವನ್ನು ಯುದ್ಧದ ವಾಹನವೇ ಮತ್ತೆ ಎತ್ತಿ ನಿಲ್ಲಿಸಲು ನೆರವಾದದ್ದು ಹೀಗೆ. ಆದರೆ ಜಗತ್ತು ಕಣ್ಣು ತೆರೆದದ್ದು 1952ರಲ್ಲಿ. ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಎಂಬ ಯುವತಿಗೆ 1944ರಲ್ಲಿ, ಬಸುರಿಯಾಗಿದ್ದಾಗಲೇ ಪೋಲಿಯೋ ತಗುಲಿ ಮೊಣಕಾಲಿನಿಂದ ಕೆಳಗೆ ಸ್ವಾಧೀನ ತಪ್ಪಿತು. ಕುದುರೆಯನ್ನು ಹತ್ತುವುದಕ್ಕೂ ಇಳಿಯುವುದಕ್ಕೂ ಪರರ ಕೈ ಬೇಕಾಗಿತ್ತು. ಆಕೆ ‘ಜುಬಿಲಿ’ ಎಂಬ ಹೆಣ್ಣು ಕುದುರೆಯೊಡನೆ ಹೆಲ್ಸಿಂಕಿ ಒಲಿಂಪಿಕ್ಸಿನ ಡ್ರೆಸಾಜ್ ಸ್ಪರ್ಧೆಯಲ್ಲಿ ಬೆಳ್ಳಿಯ ಪದಕ ಪಡೆದಳು. ಈ ಸ್ಪರ್ಧೆಯಲ್ಲಿ ಗಂಡಸರಿಗೆ ಸರಿಸಮವಾಗಿ ಹೆಂಗಸರು ಭಾಗವಹಿಸಲು ಅವಕಾಶ ದೊರೆತ ಮೊದಲ ಒಲಿಂಪಿಕ್ಸ್ ಅದು. 1956ರಲ್ಲಿ ಮತ್ತೊಮ್ಮೆ ಬೆಳ್ಳಿ. ಪಕ್ಕೆಯ ಮೇಲೆ ಕಾಲಿನ ಒತ್ತಡದಿಂದ ಕೊಡುವ ಸೂಚನೆಗಳಿಲ್ಲದೆ ಡ್ರೆಸಾಜ್ ಸಾಧ್ಯವಿಲ್ಲವೆಂದು ಬಲ್ಲವರು ನಂಬಿದ್ದರು. ಬೆನ್ನಿನ ಹಾಗೂ ಭಾರದ ಅತಿ ಸಣ್ಣ ಬದಲಾವಣೆಯನ್ನೇ ಭಾಷೆಯಾಗಿ ಗ್ರಹಿಸಲು ಜುಬಿಲಿ ಕಲಿತಿತ್ತು. ಪದಕದ ಗೌರವದಲ್ಲಿ ಅರ್ಧ ಪಾಲು ಆ ಕುದುರೆಗೆ ಸಲ್ಲಬೇಕಾದದ್ದು.

ಹಾರ್ಟೆಲ್‌ಳ ಸಾಧನೆಯ ಬಳಿಕ ನಾರ್ವೆಯಲ್ಲಿಯೂ ಬ್ರಿಟನ್ನಿನಲ್ಲಿಯೂ ಅಂಗವಿಕಲರ ಸವಾರಿಯ ಕೇಂದ್ರಗಳು ತಲೆಯೆತ್ತಿದವು. 1969ರಲ್ಲಿ ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ರಾಷ್ಟ್ರಮಟ್ಟದ ಸಂಸ್ಥೆಗಳು ಸ್ಥಾಪನೆಯಾದವು. 1996ರ ಅಟ್ಲಾಂಟಾ ಪ್ಯಾರಾಲಿಂಪಿಕ್ಸಿನಲ್ಲಿ ಅಶ್ವಾರೋಹಣವೂ ಸೇರಿತ್ತು.

ಕುದುರೆಯ ನಡಿಗೆಯಲ್ಲಿ ಔಷಧ ಎಲ್ಲಿದೆ? ನಡೆಯುವ ಕುದುರೆಯ ಬೆನ್ನು ಒಂದೇ ದಿಕ್ಕಿನಲ್ಲಿ ಅಲುಗುವುದಿಲ್ಲ; ಮುಂದೆ ಹಿಂದೆ, ಎಡಕ್ಕೆ ಬಲಕ್ಕೆ, ಜೊತೆಗೆ ತುಸು ತಿರುಗುತ್ತ ಚಲಿಸುತ್ತದೆ. ಮನುಷ್ಯನು ನಡೆಯುವಾಗ ಅವನ ಸೊಂಟದ ಎಲುಬು ಚಲಿಸುವ ಕ್ರಮವೂ ಬಹುತೇಕ ಇದೇ. ಎಂದೂ ತನ್ನ ಕಾಲ ಮೇಲೆ ನಡೆಯದ ಮಗುವು ಕುದುರೆಯ ಮೇಲೆ ಕುಳಿತಾಗ, ನಡಿಗೆಯ ಅನುಭವವು ಅದರ ಸೊಂಟಕ್ಕೆ ಬೆನ್ನಿನ ಮೂಲಕ ತಲುಪುತ್ತದೆ. ಪ್ರತಿ ಹೆಜ್ಜೆಗೂ ಮಗು ತಾನು ವಾಲದಂತೆ ತನ್ನನ್ನು ಸರಿಪಡಿಸಿಕೊಳ್ಳಬೇಕಾಗುತ್ತದೆ. ಅರ್ಧ ಗಂಟೆಯಲ್ಲಿ ಇಂತಹ ಸಾವಿರಾರು ತಿದ್ದುಗಳು ನಡೆದುಹೋಗುತ್ತವೆ, ಅದೂ ಆಟವಾಡುತ್ತ. ಮೆದುಳಿನ ಪಾರ್ಶ್ವವಾಯುವಿನಿಂದ (ಸೆರೆಬ್ರಲ್ ಪಾಲ್ಸಿ) ಕತ್ತರಿಯಂತೆ ಹೆಣೆದುಕೊಂಡು ಬಿಗಿಯಾದ ತೊಡೆಗಳು ಕುದುರೆಯ ಮೈಯ ಅಗಲಕ್ಕೆ ಬಿಚ್ಚಿಕೊಳ್ಳುತ್ತವೆ. ಮನುಷ್ಯನಿಗಿಂತ ತುಸು ಹೆಚ್ಚಾದ ಕುದುರೆಯ ಮೈಶಾಖ, ಸುಮಾರು 38 ಡಿಗ್ರಿ, ಸ್ನಾಯುವನ್ನು ಸಡಿಲಿಸಲು ನೆರವಾಗುತ್ತದೆ. ಒಬ್ಬರು ಕುದುರೆಯನ್ನು ಹಿಡಿದು ನಡೆಸುತ್ತಾರೆ, ಇಬ್ಬರು ಎರಡೂ ಪಕ್ಕದಲ್ಲಿ ಮಗುವನ್ನು ಕಾಯುತ್ತ ನಡೆಯುತ್ತಾರೆ, ಚಿಕಿತ್ಸಕರು ಗಮನಿಸುತ್ತಾರೆ.

ಇದು ಪವಾಡವಲ್ಲ ಎಂಬುದನ್ನೂ ಹೇಳಬೇಕು. ಮುಂಡದ ಹಿಡಿತ, ಕುಳಿತುಕೊಳ್ಳುವ ಸಮತೋಲ, ಎರಡು ಪಕ್ಕದ ಸ್ನಾಯುಗಳ ಸಮನಾದ ಬಳಕೆ, ಇವುಗಳಲ್ಲಿ ಸುಧಾರಣೆ ಕಂಡುಬಂದಿದೆ. ಆದರೆ ಅಧ್ಯಯನಗಳು ಬಹುತೇಕ ಸಣ್ಣವು. ಮೆದುಳಿನ ಮೂಲ ಊನವು ಇದರಿಂದ ವಾಸಿಯಾಗುವುದಿಲ್ಲ. ಕೀಲು ತಪ್ಪಿದ ಸೊಂಟ, ಹತೋಟಿಗೆ ಬಾರದ ಮೂರ್ಛೆ, ತೀರ ಬಾಗಿದ ಬೆನ್ನೆಲುಬು, ಸುಲಭವಾಗಿ ಮುರಿಯುವ ಎಲುಬು ಇರುವವರಿಗೆ ಸವಾರಿಯು ಅಪಾಯವೇ ಸರಿ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಕೊರಳಿನ ಮೇಲಿನ ಎರಡು ಎಲುಬುಗಳ ಕೀಲು ಸಡಿಲವಿಲ್ಲವೆಂದು ವೈದ್ಯರಿಂದ ಖಚಿತಪಡಿಸಿಕೊಳ್ಳದೆ ಕುದುರೆ ಹತ್ತಿಸಬಾರದು.

ಕರ್ನಾಟಕದಲ್ಲಿ ಈ ಕೆಲಸ ಬೆಂಗಳೂರಿನಲ್ಲಿ ನೆಲೆಗೊಂಡಿತು. ಪುಷ್ಪಾ ಬೋಪಯ್ಯ ಅವರು ಸ್ಥಾಪಿಸಿದ ‘ಹೀಲಿಂಗ್ ಹಾರ್ಸಸ್’ ಸಂಸ್ಥೆಯು ವಿಶೇಷಚೇತನ ಮಕ್ಕಳಿಗಾಗಿ ಕುದುರೆಗಳ ನೆರವಿನ ಚಿಕಿತ್ಸೆಯನ್ನು ಕೈಗೊಂಡು ಹೆಸರಾಯಿತು. ಇತ್ತ ಕಾನೂನಿನ ದೃಷ್ಟಿಯೂ ವಿಸ್ತರಿಸಿದೆ: 1995ರ ಅಧಿನಿಯಮವು ಏಳು ಬಗೆಯ ಅಂಗವೈಕಲ್ಯವನ್ನಷ್ಟೇ ಗುರುತಿಸಿದ್ದರೆ 2016ರ ಅಧಿನಿಯಮವು ಇಪ್ಪತ್ತೊಂದನ್ನು ಗುರುತಿಸಿತು. 2014ರ ಮಾರ್ಚ್‌ನಲ್ಲಿ ಭಾರತ ಪೋಲಿಯೋಮುಕ್ತವೆಂದು ಘೋಷಿತವಾಯಿತು. ಅದಕ್ಕೆ ಮೊದಲು ಕಾಲು ಸೋತ ತಲೆಮಾರು ಹಳ್ಳಿಗಳಲ್ಲಿ ಇನ್ನೂ ಇದೆ.

ಆದರೆ ಹಂದನಕೆರೆ ಹೋಬಳಿಯ ತೋಟದ ಮನೆಯೊಂದರಲ್ಲಿ ಇಂತಹ ಮಗುವಿದ್ದರೆ? ತಿಪಟೂರಿನಿಂದಲೇ ಬೆಂಗಳೂರು ಸುಮಾರು 140 ಕಿಲೋಮೀಟರು. ವಾರಕ್ಕೊಮ್ಮೆ ಆ ಮಗುವನ್ನು ಹೊತ್ತು ಹೋಗಿ ಬರುವುದು ಕೊಬ್ಬರಿಯ ಬೆಲೆ ಏರಿದ ವರ್ಷದಲ್ಲಿಯೂ ಸುಲಭವಲ್ಲ. ಇಲ್ಲಿ ದಾನಿಗಳಿಗೆ ಸಹಜವಾಗಿ ಬರುವ ಯೋಚನೆಯೆಂದರೆ ಬಸದಿಯ ಬಯಲಿನಲ್ಲಿಯೇ ಎರಡು ಕುದುರೆ ಕಟ್ಟಿಸೋಣವೆಂಬುದು. ಉದ್ದೇಶ ಒಳ್ಳೆಯದು, ಆದರೆ ಯೋಚನೆ ಅರ್ಧದ್ದು. ಪಂದ್ಯದಿಂದ ನಿವೃತ್ತವಾದ ಕುದುರೆಯು ಅಗ್ಗಕ್ಕೆ ದೊರೆಯಬಹುದು. ವೇಗಕ್ಕಾಗಿಯೇ ತಲೆಮಾರುಗಳಿಂದ ಬೆಳೆಸಿದ, ಸಣ್ಣ ಸದ್ದಿಗೂ ಬೆಚ್ಚುವ ತಳಿಯ ಮೇಲೆ ಕುತ್ತಿಗೆ ನಿಲ್ಲದ ಮಗುವನ್ನು ಕೂರಿಸುವುದು ದಯೆಯಲ್ಲ. ಎಲ್ಲ ಕುದುರೆಗಳೂ ಈ ಕೆಲಸಕ್ಕೆ ಒಗ್ಗುವುದಿಲ್ಲ. ಒಗ್ಗುವ ಒಂದನ್ನು ಆರಿಸಿ ತಿದ್ದುವುದಕ್ಕೆ ತಿಂಗಳುಗಳೇ ಬೇಕು. ಅಂಗಮರ್ದನ ತಜ್ಞರು ಉರುಳೆ ದಿಂಬು, ದೊಡ್ಡ ಚೆಂಡುಗಳ ಮೇಲೆ ಕೂರಿಸಿ ಮಾಡಿಸುವ ಅಭ್ಯಾಸಗಳು ಇದೇ ತತ್ತ್ವದವು. ಅಂತಹ ಒಬ್ಬ ತಜ್ಞರನ್ನು ವಾರಕ್ಕೆರಡು ದಿನ ಹೋಬಳಿಗೆ ಕರೆಸುವುದು ಧರ್ಮದರ್ಶಿ ಮಂಡಳಿಗಳ ಶಕ್ತಿಗೆ ಮೀರಿದ್ದಲ್ಲ.

ಕುದುರೆಯನ್ನೇ ಬಳಸುವುದಾದರೆ ಅಳತೆಗೋಲು ಕೈಯಲ್ಲಿಯೇ ಇದೆ. ಅಹಿಂಸಾಣುವ್ರತಕ್ಕೆ ತತ್ತ್ವಾರ್ಥಸೂತ್ರವು ಹೇಳಿದ ಐದು ಅತಿಚಾರಗಳು ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇಲ್ಲಿ ವಧವೆಂದರೆ ಕೊಲ್ಲುವುದಲ್ಲ, ಹೊಡೆಯುವುದು. ಇವೆಲ್ಲ ಸಾಕುಪ್ರಾಣಿಯಿರುವ ಮನೆಯಲ್ಲಿ ನಿತ್ಯವೂ ನಡೆಯಬಹುದಾದ ತಪ್ಪುಗಳು. 1960ರ ಪ್ರಾಣಿಹಿಂಸೆ ತಡೆ ಅಧಿನಿಯಮದ 11ನೆಯ ಪ್ರಕರಣವನ್ನು ಇದರ ಪಕ್ಕದಲ್ಲಿಟ್ಟು ಓದಿದರೆ ಹೊಡೆತ, ಮಿತಿಮೀರಿದ ಹೊರೆ, ಬಿಗಿದ ಕಟ್ಟು, ಅಂಗಚ್ಛೇದ, ಆಹಾರ ನೀರಿನ ನಿರಾಕರಣೆ ಎಲ್ಲವೂ ಅಲ್ಲಿವೆ. ಸವಾರನ ಹಾಗೂ ತಡಿಯ ಒಟ್ಟು ತೂಕವು ಕುದುರೆಯ ತೂಕದ ಐದನೆಯ ಒಂದು ಪಾಲನ್ನು ಮೀರಬಾರದೆಂಬುದು ಸವಾರಿ ಬಲ್ಲವರ ರೂಢಿಯ ಲೆಕ್ಕ. ಮಕ್ಕಳ ವಿಷಯದಲ್ಲಿ ಇದು ತೊಡಕಾಗದು, ಬೆಳೆದವರ ವಿಷಯದಲ್ಲಿ ಆಗುತ್ತದೆ. ತನ್ನ ಸಮತೋಲವನ್ನು ತಾನೇ ಕಾಯ್ದುಕೊಳ್ಳಲಾರದ ಸವಾರನ ಭಾರವು ಕುದುರೆಗೆ ಇನ್ನೂ ಹೆಚ್ಚು ಶ್ರಮ. ಆದ್ದರಿಂದ ಒಂದು ಕುದುರೆಯಿಂದ ದಿನಕ್ಕೆ ಕೆಲವೇ ಸುತ್ತುಗಳು. ಎದುರಿಗೆ ಎಷ್ಟು ಮಕ್ಕಳು ಕಾಯುತ್ತಿದ್ದರೂ ಸರಿ. ಕಾಯುವ ಮಗುವಿನ ಎದುರು ಕುದುರೆಯನ್ನು ಲಾಯಕ್ಕೆ ಮರಳಿಸುವುದು ಎಲ್ಲಕ್ಕಿಂತ ಕಠಿಣವಾದ ನಿಯಮ.

ಚಿಕಿತ್ಸೆಗಾಗಿ ಕುದುರೆಯನ್ನು ಬಳಸಬಹುದೇ ಎಂದು ಚರ್ಚಿಸುವ ಸಮಾಜವು, ಉತ್ಸವಕ್ಕೂ ಮದುವೆಯ ಮೆರವಣಿಗೆಗೂ ಒಂದು ದಿನದ ಬಾಡಿಗೆಗೆ ತರಿಸುವ ಕುದುರೆಯ ಬೆನ್ನಿನ ಹುಣ್ಣನ್ನು ಜರತಾರಿ ಬಟ್ಟೆಯ ಕೆಳಗೆ ಎತ್ತಿ ನೋಡಿದ್ದುಂಟೆ? ಪಟಾಕಿ ಹಾಗೂ ವಾದ್ಯಗಳ ನಡುವೆ ಬಿಸಿಲಿನ ಡಾಂಬರಿನ ಮೇಲೆ ತಾಸುಗಟ್ಟಲೆ ನಿಲ್ಲುವ ಆ ಪ್ರಾಣಿಯಿಂದ ಯಾವ ಮಗುವಿಗೂ ಯಾವ ಉಪಕಾರವೂ ಆಗುವುದಿಲ್ಲ.

ಕುದುರೆಯ ಆಯುಸ್ಸು ಇಪ್ಪತ್ತೈದರಿಂದ ಮೂವತ್ತು ವರ್ಷ. ಅದರ ದುಡಿಮೆಯ ವರ್ಷಗಳು ಅದಕ್ಕಿಂತ ಬಹಳ ಮೊದಲೇ ಮುಗಿಯುತ್ತವೆ. ಉಳಿದ ವರ್ಷಗಳ ಹುಲ್ಲು, ಹುರುಳಿ, ಲಾಳ ಹಾಗೂ ವೈದ್ಯರ ಖರ್ಚು ಯಾರದೆಂಬುದನ್ನು ಕುದುರೆಯನ್ನು ಕೊಳ್ಳುವ ದಿನವೇ ಬರೆದಿಡಬೇಕು. ಅದಕ್ಕೆಂದೇ ಬೇರೆ ನಿಧಿಯೊಂದನ್ನು ತೆಗೆದಿರಿಸಲಾರದ ಸಂಸ್ಥೆಯು ಕುದುರೆಯನ್ನು ಕೊಳ್ಳದಿರುವುದೇ ಲೇಸು.