ಅಂಚೆಯ ಚೀಲದಲ್ಲಿ ಚಂದ್ರಲೋಕ

ಸಾಹಿತ್ಯಚರಿತ್ರೆಯ ಯಾವ ಪುಸ್ತಕವನ್ನು ತೆರೆದರೂ ಕವಿಗಳು ಸಿಗುತ್ತಾರೆ, ಆಶ್ರಯದಾತರು ಸಿಗುತ್ತಾರೆ. ಈಚಿನ ಕಾಲದ ಪ್ರಕರಣಗಳಿಗೆ ಬಂದರೆ ಮುದ್ರಕರೂ ಪ್ರಕಾಶಕರೂ ಸಿಗುತ್ತಾರೆ. ಅಂಚೆಯವನು ಮಾತ್ರ ಸಿಗುವುದಿಲ್ಲ. ಪುಸ್ತಕದಂಗಡಿಯಿರುವ ಊರಿನಲ್ಲಿ ಕುಳಿತು ಚರಿತ್ರೆ ಬರೆಯುವವರಿಗೆ ಅವನ ನೆನಪು ಬಾರದಿದ್ದರೆ ಆಶ್ಚರ್ಯವಿಲ್ಲ. ಆದರೆ ಕನ್ನಡ ನಾಡಿನ ಗಡಿಯ ಹೊರಗೆ ನಿಂತು ಕನ್ನಡವನ್ನು ಓದುವ ನಾವು ಅವನನ್ನು ಮರೆತರೆ ನಡೆಯದು. ಅದರಲ್ಲಿಯೂ ವೈಜ್ಞಾನಿಕ ಕಾದಂಬರಿ ಎಂಬ ಸಾಹಿತ್ಯಪ್ರಕಾರವು ನಮ್ಮ ಈ ದಕ್ಷಿಣಾಪಥಕ್ಕೆ ಬಂದ ಬಗೆಯನ್ನು ನೋಡಿದರೆ, ಅದು ಹೆಚ್ಚಾಗಿ ಬಂದದ್ದು ಅಂಚೆಯವನ ಹೆಗಲ ಮೇಲಿನಿಂದಲೇ ಎನ್ನಬೇಕಾಗುತ್ತದೆ. ಆ ಸಂಗತಿಯನ್ನು ವಾಚಕರ ಮುಂದಿಡುವುದಷ್ಟೇ ಇಲ್ಲಿ ನಮ್ಮ ಉದ್ದೇಶ.

ಫ್ರಾನ್ಸಿನ ಜೂಲ್ಸ್ ವರ್ನ್ ಎಂಬ ಗ್ರಂಥಕರ್ತನು 1865ರಲ್ಲಿ ಭೂಮಿಯಿಂದ ಚಂದ್ರನಿಗೆ ಹೋಗುವ ಕಥೆಯೊಂದನ್ನು ಬರೆದನು. ಮೂವತ್ತೈದು ವರ್ಷಗಳ ಮೇಲೆ, 1900ನೆಯ ಇಸವಿಯ ಜೂನ್ ತಿಂಗಳಿಂದ, ಆ ಕಾದಂಬರಿಯು ‘ಚಂದ್ರಲೋಕಾಚಿ ಸಫರ್’ ಎಂಬ ಹೆಸರಿನಿಂದ ಮರಾಠಿಯಲ್ಲಿ ಕಂತು ಕಂತಾಗಿ ಪ್ರಕಟವಾಗತೊಡಗಿತು. ಪ್ರಕಟಿಸಿದ ಮಾಸಪತ್ರಿಕೆಯ ಹೆಸರು ‘ಕೇರಳ ಕೋಕಿಲ’. ಮರಾಠಿ ಪತ್ರಿಕೆಗೆ ಕೇರಳದ ಹೆಸರೇಕೆಂದು ವಾಚಕರು ಕೇಳಬಹುದು. ಅದು 1886ರಲ್ಲಿ ಹುಟ್ಟಿದ್ದು ಪುಣೆಯಲ್ಲಲ್ಲ, ಮುಂಬಯಿಯಲ್ಲಿಯೂ ಅಲ್ಲ, ಮಲೆಯಾಳದ ಕೊಚ್ಚಿಯಲ್ಲಿ! ಅಲ್ಲಿ ಮುದ್ರಣಾಲಯವನ್ನಿಟ್ಟಿದ್ದ ದೇವಜಿ ಭೀಮಜಿ ಎಂಬ ಗುಜರಾತಿ ಗೃಹಸ್ಥರ ಆಸರೆಯಲ್ಲಿ, ಕೃಷ್ಣಾಜಿ ನಾರಾಯಣ ಆಠಲ್ಯೆ ಎಂಬ ಮರಾಠಿ ಪಂಡಿತರ ಸಂಪಾದಕತ್ವದಲ್ಲಿ ಅದು ಕಣ್ಣು ತೆರೆಯಿತು. ಗುಜರಾತಿಯ ಹಣ, ಮರಾಠಿಯ ಬರಹ, ಮಲೆಯಾಳದ ನೀರು. ಓದುವವರಾದರೋ ಸಹ್ಯಾದ್ರಿಯ ಆಚೆ ಈಚೆ ಚೆದುರಿಕೊಂಡಿದ್ದವರು.

ಓದುಗರಿಂದ ಇಷ್ಟು ದೂರದಲ್ಲಿ ಹುಟ್ಟಿದ ಪತ್ರಿಕೆ ಮೂರು ಸಂಚಿಕೆಗೇ ನಿಲ್ಲದೆ ದಶಕಗಳ ಕಾಲ ಹೇಗೆ ಬದುಕಿತು? ಇದರ ಉತ್ತರ ಸಾಹಿತ್ಯದಲ್ಲಿಲ್ಲ, ಅಂಚೆಯ ದರಪಟ್ಟಿಯಲ್ಲಿದೆ. 1854ರಿಂದ ಈ ದೇಶದ ಅಂಚೆಯಲ್ಲಿ ದೂರಕ್ಕೆ ತಕ್ಕ ದರವೆಂಬುದು ಹೋಗಿ ತೂಕಕ್ಕೆ ತಕ್ಕ ದರ ಬಂದಿತು. ಅರ್ಧಾಣೆಯ ಚೀಟಿ ಹಚ್ಚಿದ ಹಗುರವಾದ ಕಾಗದ ಪಕ್ಕದ ಊರಿಗೂ ಅಷ್ಟೇ, ಪೇಶಾವರಕ್ಕೂ ಅಷ್ಟೇ. 1877ರಲ್ಲಿ ವಿ.ಪಿ. ಪದ್ಧತಿ ಬಂದು, ಹಣವನ್ನು ಮೊದಲೇ ಕಳಿಸಲು ಹೆದರುವವನೂ ಪುಸ್ತಕ ಕೈಗೆ ಬಂದಾಗ ಕೊಟ್ಟರಾಯಿತೆಂದು ಧೈರ್ಯ ತಾಳಿದನು. 1879ರಲ್ಲಿ ಕಾಲಾಣೆಯ ಕಾರ್ಡು ಬಂದಿತು. ‘ನನ್ನ ಸಂಚಿಕೆ ತಲುಪಿಲ್ಲ’ ಎಂದು ಜಗಳವಾಡುವುದಕ್ಕೂ ಒಂದು ಅಗ್ಗದ ಸಾಧನವಾಯಿತು. ಇವಿಷ್ಟು ಇಲ್ಲದಿದ್ದರೆ ಕೋಕಿಲವು ಕೊಚ್ಚಿಯ ಮರದ ಮೇಲೆಯೇ ಕೂಗಿಕೊಂಡು ಕೂಡಬೇಕಾಗುತ್ತಿತ್ತು.

ಈ ಕಾದಂಬರಿಯಲ್ಲಿ ನಮ್ಮಂಥ ಬ್ಯಾಂಕಿನ ಗುಮಾಸ್ತರಿಗೆ ಬಹಳ ಹಿಡಿಸುವ ಅಧ್ಯಾಯವೊಂದಿದೆ. ಚಂದ್ರನಿಗೆ ಗುಂಡು ಹಾರಿಸಲು ಫ್ಲಾರಿಡಾದ ನೆಲದಲ್ಲಿ ಒಂಬೈನೂರು ಅಡಿ ಉದ್ದದ ತೋಪನ್ನು ಎರಕ ಹೊಯ್ಯಬೇಕು, ಅದಕ್ಕೆ ಹಣವೆಲ್ಲಿ? ತೋಪಿನವರ ಸಂಘವು ಸಕಲ ರಾಷ್ಟ್ರಗಳಿಂದಲೂ ಚಂದಾ ಎತ್ತುತ್ತದೆ. ಯಾವ ದೇಶ ಎಷ್ಟು ಕೊಟ್ಟಿತೆಂಬ ಲೆಕ್ಕವನ್ನು ವರ್ನ್ ಮಹಾಶಯನು ರೂಬಲು, ಫ್ರಾಂಕು, ಪಿಯಾಸ್ಟರುಗಳಲ್ಲಿ ಬರೆದು, ಡಾಲರಿಗೆ ಪರಿವರ್ತಿಸಿ, ಕಡೆಗೆ 54,46,675 ಡಾಲರು ಎಂದು ಮೊತ್ತ ಹಾಕುತ್ತಾನೆ. ಇಂಗ್ಲೆಂಡ್ ಒಂದು ಕಾಸನ್ನೂ ಕೊಡುವುದಿಲ್ಲ. ಇನ್ನೊಂದು ವಿಶೇಷ: ಕಥೆಯ ತಿರುವು ಬರುವುದು ಒಂದು ತಂತಿಯಿಂದ. ಗುಂಡಿನ ಆಕಾರವನ್ನು ಬದಲಾಯಿಸಿರಿ, ಅದರೊಳಗೆ ಕುಳಿತು ನಾನೇ ಬರುತ್ತೇನೆ ಎಂದು ಪ್ಯಾರಿಸಿನಿಂದ ಒಬ್ಬ ಸಾಹಸಿ ಸುದ್ದಿ ಕಳಿಸುತ್ತಾನೆ. ಚಂದಾಹಣ ಮತ್ತು ತಂತಿ, ಇವೆರಡರ ಮೇಲೆ ನಿಂತ ಕಥೆಯನ್ನು ಚಂದಾ ಕಟ್ಟಿ ಅಂಚೆಯಲ್ಲಿ ತರಿಸಿಕೊಂಡು ಓದಿದರೆಂಬುದು ನಮಗೆ ಸೊಗಸಾಗಿ ಕಾಣುತ್ತದೆ. ತಿಂಗಳಿಗೊಂದು ಕಂತು, ಒಂದು ಕಂತಿಗೂ ಇನ್ನೊಂದಕ್ಕೂ ನಡುವೆ ಚಂದ್ರನು ಒಮ್ಮೆ ಬೆಳೆದು ಒಮ್ಮೆ ಕ್ಷೀಣಿಸುತ್ತಿದ್ದನು.

ಇದು ಮರಾಠಿಯ ಮಾತಾಯಿತು, ಕನ್ನಡಿಗರಿಗೇನು ಎಂದು ಕೇಳುವವರುಂಟು. ಆ ಕಾಲದ ಬೆಳಗಾವಿ, ಧಾರವಾಡ, ವಿಜಾಪುರ, ಕಲಬುರ್ಗಿಗಳ ಓದುಬಲ್ಲ ಮನೆಗಳಲ್ಲಿ ಮರಾಠಿಯ ಪುಸ್ತಕಗಳು ಸಾಮಾನ್ಯವಾಗಿದ್ದವು. ಆ ಮೋಡಿಯಿಂದ ಕನ್ನಡ ವಾಚಕರನ್ನು ಬಿಡಿಸಿ ತರಲೆಂದೇ ಗಳಗನಾಥರು ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಕ್ಕಿಳಿಸಿದರು. ಅಗಡಿಯ ಆನಂದವನದಿಂದ ಹೊರಡುತ್ತಿದ್ದ ‘ಸದ್ಬೋಧ ಚಂದ್ರಿಕೆ’ಯೂ ಅಂಚೆಯನ್ನೇ ನಂಬಿದ ಮಾಸಪತ್ರಿಕೆ. ಅಂಚೆ ಸಾಲದೆಂದು ಗಳಗನಾಥರು ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರೂರಿಗೆ ತಿರುಗಿ ಮಾರಿದುದನ್ನು ಕನ್ನಡಿಗರೆಲ್ಲರೂ ಬಲ್ಲರು. ಆದರೆ ಅವರು ಹೊತ್ತದ್ದು ವಿಜಯನಗರವನ್ನು, ಶಿವಾಜಿಯ ಕಾಲವನ್ನು. ಚಂದ್ರಲೋಕವನ್ನು ಹೊರುವವರು ಕನ್ನಡಕ್ಕೆ ಬರಲು ಇನ್ನೂ ಬಹಳ ಕಾಲ ಹಿಡಿಯಿತು.

ಅಷ್ಟರಲ್ಲಿ ಬಂಗಾಳದ ಕಡೆ ಏನು ನಡೆದಿತ್ತೆಂಬುದನ್ನೂ ಹೇಳಬೇಕು. 1896ರಲ್ಲಿ ಕಲ್ಕತ್ತೆಯ ತಲೆಎಣ್ಣೆಯ ವ್ಯಾಪಾರಿಯೊಬ್ಬರು ಕಥಾಸ್ಪರ್ಧೆಯನ್ನಿಟ್ಟರು. ಕಥೆಯಲ್ಲಿ ತಮ್ಮ ‘ಕುಂತಲೀನ’ ಎಣ್ಣೆಯ ಪ್ರಸ್ತಾಪ ಬರಬೇಕು. ಬಹುಮಾನ ಹೊಡೆದ ಕಥೆಯಲ್ಲಿ ಒಂದು ಬುಡ್ಡಿ ಎಣ್ಣೆಯನ್ನು ಸಮುದ್ರಕ್ಕೆ ಸುರಿದು ಚಂಡಮಾರುತವನ್ನೇ ಅಡಗಿಸಲಾಗುತ್ತದೆ. ಬರೆದವರು ಜಗದೀಶಚಂದ್ರ ಬೋಸರು! ಎಪ್ಪತ್ತೆಂಟು ವರ್ಷಗಳ ನಂತರ, 1974ರಲ್ಲಿ, ಮರಾಠಿ ವಿಜ್ಞಾನ ಪರಿಷತ್ತಿನ ಸ್ಪರ್ಧೆಗೆ ಕೃಷ್ಣವಿವರದ ಮೇಲೆ ಒಂದು ಕಥೆ ಬಂದಿತು. ಮೇಲೆ ಬೇರೊಬ್ಬರ ಹೆಸರು, ಒಳಗೆ ಹೆಂಡತಿಯ ಕೈಬರಹ; ಬಹುಮಾನ ಘೋಷಿಸಿದ ಮೇಲೆ ನೋಡಿದರೆ ಅದು ಖಗೋಳಶಾಸ್ತ್ರಜ್ಞ ಜಯಂತ ನಾರಳೀಕರರದು. ದೊಡ್ಡ ವಿಜ್ಞಾನಿಗಳಿಗೆ ಕಥೆ ಬರೆಯಲು ಸಂಕೋಚವಿದ್ದಾಗ ಮುಖ ಮರೆಸಿಕೊಳ್ಳಲು ಲಕೋಟೆಯೊಂದು ಸಾಕಾಗುತ್ತದೆ.

ಹೈದರಾಬಾದಿಗೆ ಹೆಚ್ಚು ಹತ್ತಿರದ ಸಂಗತಿ 1905ರದು. ಭಾಗಲ್ಪುರದ ಕಡೆ ಪರದೆಯಲ್ಲಿ ವಾಸವಾಗಿದ್ದ ರೊಕೇಯಾ ಎಂಬ ತರುಣ ಗೃಹಿಣಿ ಇಂಗ್ಲಿಷಿನಲ್ಲಿ ‘ಸುಲ್ತಾನಾಳ ಕನಸು’ ಎಂಬ ಕಥೆ ಬರೆದರು. ಆ ಕನಸಿನ ದೇಶದಲ್ಲಿ ಗಂಡಸರು ಒಳಮನೆಯಲ್ಲಿರುತ್ತಾರೆ. ಹೆಂಗಸರ ವಿಶ್ವವಿದ್ಯಾಲಯಗಳು ಸೂರ್ಯನ ಶಾಖವನ್ನು ಕೂಡಿಟ್ಟು ಅಡಿಗೆ ಮಾಡುತ್ತವೆ, ಬಲೂನಿನಿಂದ ಮೋಡದ ನೀರನ್ನು ಇಳಿಸಿಕೊಳ್ಳುತ್ತವೆ, ಅದೇ ಶಾಖವನ್ನು ತಿರುಗಿಸಿ ಶತ್ರುಸೈನ್ಯವನ್ನು ಓಡಿಸುತ್ತವೆ. ಈ ಕಥೆ ಅಚ್ಚಾದದ್ದು ಕಮಲಾ ಸತ್ಯನಾಥನ್ ಅವರು ಮದರಾಸಿನಿಂದ ನಡೆಸುತ್ತಿದ್ದ ‘ಇಂಡಿಯನ್ ಲೇಡೀಸ್ ಮ್ಯಾಗಜೀನ್’ ಪತ್ರಿಕೆಯಲ್ಲಿ. ಅದೇ ಪತ್ರಿಕೆಗೆ ನಮ್ಮ ಹೈದರಾಬಾದಿನ ಸರೋಜಿನೀ ನಾಯ್ಡು ಅವರೂ ಕವಿತೆಗಳನ್ನು ಕಳಿಸುತ್ತಿದ್ದರು. ಮನೆಯ ಹೊಸಿಲು ದಾಟಲು ಅನುಮತಿ ಬೇಕಾಗಿದ್ದ ಕಾಲದಲ್ಲಿ ಹೆಂಗಸಿನ ಬರಹ ಅನುಮತಿ ಕೇಳದೆ ಭಾಗಲ್ಪುರದಿಂದ ಮದರಾಸಿಗೆ, ಮದರಾಸಿನಿಂದ ಇತರ ಅಂತಃಪುರಗಳಿಗೆ ಹೋಯಿತು. ಆ ಪ್ರಯಾಣವೂ ಒಂದು ವೈಜ್ಞಾನಿಕ ಕಥೆಯೇ ಎಂದು ನಮಗೆ ತೋರುತ್ತದೆ.

ಅಂಚೆ ಎಂದಾಗ ಅಂದಿನ ಹೈದರಾಬಾದಿನ ತೊಡಕನ್ನು ಹೇಳದೆ ಬಿಡಲಾಗದು. ಇಲ್ಲಿ ಒಂದಲ್ಲ, ಎರಡು ಅಂಚೆಗಳಿದ್ದವು. ನಿಜಾಮ ಸರಕಾರವು 1869ರಿಂದ ತನ್ನದೇ ಅಂಚೆಚೀಟಿಗಳನ್ನು ಹೊರಡಿಸಿತು. ಆದರೆ ಅವು ಸಂಸ್ಥಾನದ ಎಲ್ಲೆಯೊಳಗೆ ಮಾತ್ರ ನಡೆಯುತ್ತಿದ್ದವು. ರಾಯಚೂರಿನಿಂದ ಬೀದರಿಗೆ ಅವು ಸಾಕು. ರಾಯಚೂರಿನಿಂದ ಧಾರವಾಡಕ್ಕೆ ಸಾಲವು. ಹೊರಗಿನ ವ್ಯವಹಾರಕ್ಕೆ ಬ್ರಿಟಿಷ್ ಹಿಂದೂಸ್ಥಾನದ ಅಂಚೆ ಬೇಕು. ನಾಣ್ಯವೂ ಎರಡು: ಇಲ್ಲಿಯದು ಹಾಲಿ ಸಿಕ್ಕಾ, ಅಲ್ಲಿಯದು ಕಲ್ದಾರ. ನೂರು ಕಲ್ದಾರ ರೂಪಾಯಿಗೆ ಹಾಲಿಯಲ್ಲಿ 116 ರೂಪಾಯಿ 10 ಆಣೆ 8 ಪೈ. ಎಂದರೆ ಧಾರವಾಡದಲ್ಲಿ ಒಂದು ರೂಪಾಯಿ ಬೆಲೆಯ ಕಾದಂಬರಿಗೆ ಹೈದರಾಬಾದಿನ ಕನ್ನಡಿಗನು, ಅಂಚೆವೆಚ್ಚವನ್ನು ಬಿಟ್ಟು, 1 ರೂಪಾಯಿ 2 ಆಣೆ 8 ಪೈ ತೆರಬೇಕು. ಭಾಷೆಯ ಮೇಲಿನ ಅಭಿಮಾನಕ್ಕೆ ಇಷ್ಟು ನಿಖರವಾದ ಬೆಲೆ ಕಟ್ಟಿದ ಊರು ಬೇರೆ ಇರಲಾರದು! 1918ರ ಕಾಯ್ದೆಯ ಮೇರೆಗೆ ಹೊರಟ ನಿಜಾಮರ ನೋಟುಗಳ ಮೇಲೆ ಕನ್ನಡ ಲಿಪಿಯಲ್ಲಿಯೂ ಮೊತ್ತ ಬರೆದಿರುತ್ತಿತ್ತೆಂಬುದೊಂದು ಸಮಾಧಾನ. ನಿಜಾಮರ ಅಂಚೆ 1950ರಲ್ಲಿ ಭಾರತದ ಅಂಚೆಯಲ್ಲಿ ಸೇರಿಹೋಯಿತು. ಹಾಲಿ ಸಿಕ್ಕಾ 1959ರಲ್ಲಿ ಚಲಾವಣೆಯಿಂದ ಹೊರಟುಹೋಯಿತು.

1933ರಲ್ಲಿ ಜಿ. ಬಿ. ಜೋಶಿಯವರು ಧಾರವಾಡದಲ್ಲಿ ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದಾಗ ನಂಬಿದ್ದೂ ಇಂಥ ದೂರದ ಚಂದಾದಾರರನ್ನೇ. ಮುಂಗಡ ಹಣ ಕಟ್ಟಿದವರ ಮನೆಗೆ ಪುಸ್ತಕಗಳು ಬರುತ್ತಿದ್ದವು. 1956ರಲ್ಲಿ ಹುಬ್ಬಳ್ಳಿಯಿಂದ ‘ಕಸ್ತೂರಿ’ ಹೊರಟಿತು. ಅದರ ಕೊನೆಯ ಪುಸ್ತಕ ವಿಭಾಗದಿಂದ ಜಗತ್ತಿನ ಎಷ್ಟೋ ಗ್ರಂಥಗಳ ಸಾರ ಕನ್ನಡಿಗರಿಗೆ ಮೊದಲ ಬಾರಿ ದೊರೆಯಿತು. ಅದೇ ವರ್ಷ ನವೆಂಬರ್ 1ರಂದು ಬೀದರ, ಗುಲಬರ್ಗಾ, ರಾಯಚೂರುಗಳು ಮೈಸೂರು ರಾಜ್ಯಕ್ಕೆ ಸೇರಿದವು, ಹೈದರಾಬಾದು ಆಂಧ್ರದ ರಾಜಧಾನಿಯಾಯಿತು. ನಾವು ಕುಳಿತಲ್ಲಿಯೇ ಹೊರನಾಡಿನವರಾದೆವು. ಅಂದಿನಿಂದ ಇಲ್ಲಿಯ ಕನ್ನಡಿಗನಿಗೆ ಕಾಚಿಗುಡಾದ ರೈಲಿನಷ್ಟೇ ಅಂಚೆಯೂ ತವರಿನ ದಾರಿ. ವೈಜ್ಞಾನಿಕ ಕಾದಂಬರಿಗೆ ಕನ್ನಡದಲ್ಲಿ ಒಂದು ಸ್ಥಾನ ದೊರಕಿಸಿಕೊಟ್ಟ ರಾಜಶೇಖರ ಭೂಸನೂರಮಠರ ಹೆಸರು ನಮ್ಮ ಮನೆಯವರಿಗೆ ಗೊತ್ತಾದದ್ದೂ ಅಂಚೆಯಲ್ಲಿ ಬಂದ ಪುಸ್ತಕದಿಂದಲೇ.

ದೂರದೂರದ ಓದುಗರು ತಮ್ಮತಮ್ಮಲ್ಲಿಯೇ ಅಂಚೆಯಿಂದ ಗಂಟು ಹಾಕಿಕೊಂಡ ಬಗೆಯನ್ನು ನೋಡಬೇಕಾದರೆ ಅಮೆರಿಕೆಗೆ ಹೋಗಬೇಕು. ಹ್ಯೂಗೋ ಗರ್ನ್ಸ್‌ಬ್ಯಾಕ್ ಎಂಬವನು 1926ರ ಏಪ್ರಿಲಿನಲ್ಲಿ ‘ಅಮೇಜಿಂಗ್ ಸ್ಟೋರೀಸ್’ ಎಂಬ, ವೈಜ್ಞಾನಿಕ ಕಥೆಗಳಿಗೇ ಮೀಸಲಾದ ಪತ್ರಿಕೆ ತೆಗೆದು, ಓದುಗರ ಪತ್ರಗಳನ್ನು ಅವರ ಪೂರ್ಣ ವಿಳಾಸದೊಡನೆ ಅಚ್ಚು ಹಾಕಿಸಿದನು. ಊರಿನಲ್ಲಿ ಒಬ್ಬೊಂಟಿಯಾಗಿ ಹುಚ್ಚನೆನಿಸಿಕೊಂಡಿದ್ದ ಹುಡುಗನು ಸಾವಿರ ಮೈಲಿಯಾಚೆ ತನ್ನಂಥ ಇನ್ನೊಬ್ಬನಿದ್ದಾನೆಂದು ಕಂಡುಕೊಂಡನು. ಸಂಪಾದಕನನ್ನು ಬಿಟ್ಟು ಅವರವರೇ ಬರೆದುಕೊಳ್ಳತೊಡಗಿದರು. 1930ರಲ್ಲಿ ತಮ್ಮದೇ ಕೈಪತ್ರಿಕೆ ತೆಗೆದರು. 1937ರಲ್ಲಿ ಎಲ್ಲರ ಬರಹಗಳನ್ನೂ ಒಂದೇ ಕಟ್ಟಿನಲ್ಲಿ ಎಲ್ಲರಿಗೂ ಕಳಿಸುವ ಸಂಘ ಕಟ್ಟಿದರು. ವಿಳಾಸವನ್ನು ಅಚ್ಚು ಹಾಕಿಸಿದ ಒಂದು ಸಣ್ಣ ಕೆಲಸದಿಂದ ಇಷ್ಟೆಲ್ಲ ಆಯಿತು.

ಅಂಥ ದೊಡ್ಡ ಮಾತಿಗೆ ನಾವು ಹೋಲಿಕೆಯಲ್ಲ. ಆದರೂ ಒಂದೇ ಶಾಖೆಯಲ್ಲಿ ಕೆಲಸ ಮಾಡಿ ವರ್ಗಾವಣೆಯಿಂದಲೋ ಬೇರೆ ನೌಕರಿಯಿಂದಲೋ ಚೆದುರಿದ ನಾವು ಐದು ಮಂದಿ, ಭೂಸನೂರಮಠರ ಕಾದಂಬರಿಯ ಒಂದೇ ಹಳೆಯ ಪ್ರತಿಯನ್ನು ಸುತ್ತು ಹಾಕಿಸುತ್ತ ಬಂದಿದ್ದೇವೆ. ಹೈದರಾಬಾದಿನಿಂದ ಆದೋನಿ, ಅಲ್ಲಿಂದ ಸೊಲ್ಲಾಪುರ, ಹೊಸೂರು, ಕಾಸರಗೋಡು. ಒಬ್ಬರಿಗೆ ಹದಿನೈದು ದಿನ. ಕಾಸರಗೋಡಿನವರಿಗೆ ಮಾತ್ರ ಒಂದು ತಿಂಗಳು. ಅವರ ತಾಯಿಯವರೂ ಓದುತ್ತಾರೆ, ಕಣ್ಣು ಮಂಜಾಗಿರುವುದರಿಂದ ದಿನಕ್ಕೆ ನಾಲ್ಕೇ ಪುಟ. ಬುಕ್ ಪೋಸ್ಟಿನ ಕಟ್ಟಿನೊಳಗೆ ಸ್ವಂತದ ಪತ್ರವನ್ನು ಇಡಕೂಡದೆಂದು ನಿಯಮ. ಆದುದರಿಂದ ಅಭಿಪ್ರಾಯಗಳೆಲ್ಲ ಐವತ್ತು ಪೈಸೆಯ ಕಾರ್ಡಿನಲ್ಲಿ ಬೇರೆಯಾಗಿ ಹೋಗುತ್ತವೆ. ಪುಸ್ತಕಕ್ಕಿಂತ ಮೊದಲೇ ತಲುಪಿ ಕಥೆಯ ಕೊನೆಯನ್ನು ಹೇಳಿ ಕೆಡಿಸಿದ ಕಾರ್ಡುಗಳೂ ಉಂಟು. ದೂರವಾಣಿಯಲ್ಲಿ ಮಾತಾಡಬಹುದಲ್ಲ ಎಂದರೆ, ಮಾತಾಡುತ್ತೇವೆ; ಕಾದಂಬರಿಯ ವಿಷಯವನ್ನು ಮಾತ್ರ ಎತ್ತುವುದಿಲ್ಲ.

ಪುಸ್ತಕಗಳಿಗೆಂದೇ ಇದ್ದ ರಿಜಿಸ್ಟರ್ಡ್ ಬುಕ್ ಪೋಸ್ಟ್ ಸೌಲಭ್ಯವು 2024ರ ಡಿಸೆಂಬರಿನಲ್ಲಿ ನಿಂತುಹೋಯಿತು. 1898ರ ಅಂಚೆ ಕಾಯ್ದೆಯ ಜಾಗದಲ್ಲಿ 2023ರ ಹೊಸ ಕಾಯ್ದೆ ಆ ವರ್ಷದ ಜೂನಿನಿಂದಲೇ ಜಾರಿಗೆ ಬಂದಿತ್ತು. ಸಣ್ಣ ಪ್ರಕಾಶಕರ ಗೋಳು ಪತ್ರಿಕೆಗಳಲ್ಲಿ ಬಂದಿತು. ಅನಂತರ 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಬಂದಿದೆ: 300 ಗ್ರಾಮಿಗೆ 20 ರೂಪಾಯಿ, 5 ಕಿಲೋವಿನವರೆಗೆ 100 ರೂಪಾಯಿ, ತೆರಿಗೆ ಬೇರೆ. ಗಂಟು ಎಲ್ಲಿದೆಯೆಂದು ನೋಡಿಕೊಳ್ಳಲೂ ಬಹುದು. ಇದು ಒಳ್ಳೆಯದೇ. ಆದರೆ ನಿಯತಕಾಲಿಕವಾಗಿ ಹೊರಡುವ ಪ್ರಕಟನೆಗಳಿಗೆ ಅದರಲ್ಲಿ ಎಡೆಯಿಲ್ಲ. ಪುಸ್ತಕದ ಮೇಲೆ ಮುದ್ರಕನದೋ ಪ್ರಕಾಶಕನದೋ ಹೆಸರಿರಬೇಕು. ಕಂತು ಕಂತಾಗಿ ಬಂದ 1900ರ ಚಂದ್ರಲೋಕಕ್ಕೆ ಇಂದು ಆ ದರ ಸಿಗುತ್ತಿರಲಿಲ್ಲ. ನಮ್ಮ ಪ್ರತಿಗೆ ರಕ್ಷಾಪುಟವೂ ಇಲ್ಲ, ಮುಖಪುಟವೂ ಇಲ್ಲ. ಪ್ರಕಾಶಕರ ಹೆಸರಿದ್ದ ಹಾಳೆ ಹರಿದು ಎಷ್ಟೋ ವರ್ಷಗಳಾದವು. ಸದ್ಯಕ್ಕೆ ಅದು ಕಾಸರಗೋಡಿನಲ್ಲಿದೆ. ತಾಯಿಯವರು ನೂರ ನಾಲ್ಕನೆಯ ಪುಟಕ್ಕೆ ಬಂದಿದ್ದಾರೆಂದು ಹೋದ ವಾರದ ಕಾರ್ಡಿನಲ್ಲಿ ಬರೆದಿದೆ.