ಮುತ್ತಣ್ಣನ ಕುರ್ಚಿ

ಹಳ್ಳಿಯವನ ಕೈಗೆ ಪಟ್ಟಣದ ಅಧಿಕಾರ ಸಿಕ್ಕರೆ ಏನಾದೀತು? ಈ ಕುತೂಹಲದಿಂದ ಕನ್ನಡ ಚಿತ್ರರಂಗ ಸಾಕಷ್ಟು ನಗೆ ಹುಟ್ಟಿಸಿದೆ. 1969ರಲ್ಲಿ ದ್ವಾರಕೀಶ್ ನಿರ್ಮಿಸಿ, ಸಿದ್ಧಲಿಂಗಯ್ಯ ನಿರ್ದೇಶಿಸಿದ 'ಮೇಯರ್ ಮುತ್ತಣ್ಣ'ದಲ್ಲಿ ಹಳ್ಳಿಯಿಂದ ಬಂದ ರಾಜ್‌ಕುಮಾರ್ ಬೆಂಗಳೂರಿನ ಮೇಯರೇ ಆಗಿಬಿಡುತ್ತಾರೆ.

ವಾಸ್ತವದಲ್ಲಿ ಆ ಕುರ್ಚಿ ಅಷ್ಟೇನೂ ಗಟ್ಟಿಯಾಗಿರಲಿಲ್ಲ. ಪೇಟೆ ಹಾಗೂ ದಂಡಿನ ಪುರಸಭೆಗಳನ್ನು ಕೂಡಿಸಿ 1949ರಲ್ಲಿ ರಚಿಸಿದ ಕಾರ್ಪೊರೇಷನ್ನಿನಲ್ಲಿ ಮೇಯರ್ ಅವಧಿ ಒಂದೇ ವರ್ಷ. ಆಡಳಿತದ ಲಗಾಮು ಸರ್ಕಾರ ನೇಮಿಸಿದ ಕಮೀಷನರ ಕೈಯಲ್ಲಿ. ಕಡತಗಳ ಪರಿಚಯವಾಗುವಷ್ಟರಲ್ಲಿ ಮುತ್ತಣ್ಣ ಮನೆಗೆ ಹೋಗಬೇಕಿತ್ತು! 1961ರಲ್ಲಿ ಸುಮಾರು 12 ಲಕ್ಷವಿದ್ದ ಜನಸಂಖ್ಯೆ 1971ರಲ್ಲಿ 16 ಲಕ್ಷ ದಾಟಿತ್ತು. ಕಾವೇರಿ ನೀರು ಬಂದದ್ದು 1974ರಲ್ಲಿ. ಅಲ್ಲಿಯವರೆಗೆ ಹೆಸರಘಟ್ಟ, ತಿಪ್ಪಗೊಂಡನಹಳ್ಳಿಗಳೇ ಗತಿ.

ಊರು ಬಿಟ್ಟು ಬಂದ ಬಹುಮಂದಿಯ ಪಾಲಿಗೆ ಬೆಂಗಳೂರೆಂದರೆ ಬಾಡಿಗೆಯ ವಠಾರ. ಅದನ್ನು ಹತ್ತಿರದಿಂದ ಕಂಡ ನಗೆಚಿತ್ರ, ನನ್ನ ಮಟ್ಟಿಗೆ, 1990ರ 'ಗಣೇಶನ ಮದುವೆ'. ವಠಾರದ ಜಗಳಗಳೇ ಅದರ ಜೀವಾಳ.

ಹಳ್ಳಿಗರು ನಿಜವಾಗಿಯೇ ಅಧಿಕಾರ ಕೈಗೆ ತೆಗೆದುಕೊಂಡದ್ದೂ ಉಂಟು. 1942ರಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರಿನವರು ತಮ್ಮದೇ ಸರ್ಕಾರ ಸಾರಿ, ಇಬ್ಬರು ಹುಡುಗರನ್ನು ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಎಂದು ನೇಮಿಸಿದರು. ಇಲ್ಲಿಯವರೆಗೆ ನಗೆಚಿತ್ರದ ದೃಶ್ಯದಂತೆಯೇ ಇದೆ. ಆದರೆ ಸರ್ಕಾರದ ಅಮಲ್ದಾರರು ಪೊಲೀಸರೊಡನೆ ಊರಿಗೆ ಬಂದಾಗ ಘರ್ಷಣೆಯಾಗಿ ಅವರೂ ಸಬ್ ಇನ್ಸ್‌ಪೆಕ್ಟರೂ ಸತ್ತರು. 1943ರ ಮಾರ್ಚ್ ತಿಂಗಳಲ್ಲಿ ಈಸೂರಿನ ಐವರನ್ನು ಗಲ್ಲಿಗೇರಿಸಲಾಯಿತು.