ತಿಳಿನೀರಿನ ಪರೀಕ್ಷೆ

ಮೂಡಬಿದಿರೆಯ ಜೈನರಲ್ಲಿ ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದು ಅಹಿಂಸೆಯ ಆಚಾರ. ಕಣ್ಣಿಗೆ ಕಾಣುವ ಜೀವಿಗಳನ್ನು ಆ ಬಟ್ಟೆ ತಡೆದೀತು, ಕಾಣದವನ್ನು ತಡೆಯಲಾರದು. 1884ರಲ್ಲಿ ರಾಬರ್ಟ್ ಕೋಖ್ ಕಲ್ಕತ್ತೆಯ ಕೆರೆಯೊಂದರ ನೀರಿನಲ್ಲಿ ಕಾಲರಾದ ಅಣುಜೀವಿಯನ್ನು ಕಂಡ ಮೇಲೆ, ತಿಳಿನೀರೆಲ್ಲ ಶುದ್ಧವೆಂಬ ನಂಬಿಕೆ ಸಡಿಲಗೊಂಡಿತು.

ಬಂಟ್ವಾಳ, ಬೆಳ್ತಂಗಡಿಗಳಲ್ಲಿ ಈ ಎಚ್ಚರ ಇನ್ನೂ ಅಗತ್ಯ. ಅಲ್ಲಿಯ ಮುರಕಲ್ಲು ರಂಧ್ರಮಯವಾದುದು. ಮಳೆಗಾಲದಲ್ಲಿ ಶೌಚಗುಂಡಿಯ ಕೊಳೆ ಬಹುಬೇಗ ಬಾವಿಗಿಳಿಯಬಲ್ಲುದು. ನೀರು ಮಾತ್ರ ಸ್ಫಟಿಕದಂತೆಯೇ ತೋರುತ್ತದೆ!

ಹಳ್ಳಿಗೆ ನಿಲುಕುವ ಉಪಾಯವೊಂದನ್ನು 1982ರಲ್ಲಿ ಪ್ರಕಟಿಸಿದವರು ಕೆ. ಎಸ್. ಮಂಜ ಮತ್ತು ಅವರ ಸಂಗಡಿಗರು. ರಾಸಾಯನಿಕ ಲೇಪಿಸಿದ ಕಾಗದವಿರುವ ಸೀಸೆಗೆ ನೀರು ತುಂಬಿ, ಒಂದು ಹಗಲಿರುಳು ಬೆಚ್ಚಗಿಡಬೇಕು. ಮಲದ ಸೂಕ್ಷ್ಮಾಣುಗಳಿದ್ದರೆ ಹೈಡ್ರೋಜನ್ ಸಲ್ಫೈಡ್ ಹುಟ್ಟಿ ನೀರು ಕಪ್ಪಾಗುತ್ತದೆ. ಆದರೆ ಅಡಿಕೆ ತೋಟದ ಮೈಲುತುತ್ತು ಬಾವಿ ಸೇರಿದ್ದರೆ ಈ ಸೀಸೆ ಮೌನ. ಅದಕ್ಕೆ ಪ್ರಯೋಗಾಲಯವೇ ಗತಿ.